ಕನ್ನಡಿ ಕೆರೆ, ಬಿಳಿ ಗುಡ್ಡ

ನನಗೆ ಅಕ್ಕನ ಮೇಲೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ಓದುವವರು ಪಾಪ, ಎಂಥ ಒಳ್ಳೆಯ ತಂಗಿ ಅಂದುಕೊಂಡುಬಿಡುತ್ತಾರೆ. ಅವಳ ಮನೆ, ಒಡವೆ, ಮಕ್ಕಳ ಮಾರ್ಕ್ಸು, ಯಾವುದರ ಮೇಲೂ ನನಗೆ ಕಣ್ಣಿಲ್ಲ. ಕಣ್ಣಿರುವುದು ಅವಳ ಮನೆಯ ಕೆರೆಯ ಮೇಲೆ. ದಸರಾ ಬಂದರೆ ಬಂಗಾರಪೇಟೆಯ ಅವಳ ನಡುಮನೆಯಲ್ಲಿ, ಬೊಂಬೆ ಮೆಟ್ಟಿಲಿನ ಕೆಳಗೆ, ಹಳೆಯ ಬೀರುವಿನ ಉದ್ದ ಕನ್ನಡಿಯನ್ನು ನೆಲಕ್ಕೆ ಮಲಗಿಸಿ ಮಾಡುವ ಕೆರೆ ಅದು. ಸುತ್ತ ಮಣ್ಣಿನ ಗುಡ್ಡಗಳು, ಗುಡ್ಡದ ತುಂಬ ರಾಗಿ ಪೈರಿನ ಕಾಡು.

ಆ ಕೆರೆ ನಿಜಕ್ಕೂ ಅಮ್ಮನದು. ನಮ್ಮ ಮನೆತನದಲ್ಲಿ ಬೊಂಬೆ ಕೂರಿಸುವ ಪದ್ಧತಿಯೇ ಇರಲಿಲ್ಲ. ನಾವು ಚಿಕ್ಕವರಿದ್ದಾಗ ಬಾಡಿಗೆಗಿದ್ದ ವಠಾರದಲ್ಲಿ ಎದುರು ಮನೆಯವರು ಕೂರಿಸುತ್ತಿದ್ದರು. ಅದನ್ನು ನೋಡಿ ಅಮ್ಮನಿಗೂ ಆಸೆಯಾಯಿತು. ನಮ್ಮಲ್ಲಿದ್ದ ಬೊಂಬೆಗಳು ಒಂದು ಮೆಟ್ಟಿಲಿಗೂ ಸಾಲುತ್ತಿರಲಿಲ್ಲ, ಹಾಗಾಗಿ ಮಿಕ್ಕ ಜಾಗಕ್ಕೆಲ್ಲ ಕೆರೆ ಬಂತು. ಅಂಗಡಿಯವರು ಕೊಟ್ಟ ಒಂದು ಕ್ಯಾಲೆಂಡರಿನಲ್ಲಿ ಕಾಡಿನ ನಡುವಿನ ಕೆರೆಯ ಚಿತ್ರವಿತ್ತು. ಮೂರು ತಿಂಗಳಿಗೊಂದು ಹಾಳೆ, ನಾಲ್ಕು ಹಾಳೆಯಲ್ಲೂ ಅದೇ ಕೆರೆ: ಒಂದರಲ್ಲಿ ಹಸಿರು, ಒಂದರಲ್ಲಿ ಬಿಸಿಲು, ಒಂದರಲ್ಲಿ ಎಲೆಗಳೆಲ್ಲ ಕೆಂಪು ಹಳದಿ, ಒಂದರಲ್ಲಿ ಪೂರಾ ಬಿಳಿ. ಯಾವ ದೇಶದ ಕೆರೆಯೋ. ನೀಲಗಿರಿ ತೋಪು, ಬಂಡೆ, ಬತ್ತಿದ ಕುಂಟೆ ಇಷ್ಟನ್ನೇ ಕಂಡಿದ್ದ ನಮಗೆ ಎಲೆ ಕೆಂಪಾಗುತ್ತದೆ ಅನ್ನುವುದೇ ನಂಬಿಕೆಗೆ ಬರಲಿಲ್ಲ. ಮರಗಳಿಗೆ ಯಾರೋ ಪೂಜೆ ಮಾಡಿ ಕುಂಕುಮ ಎರಚಿದ್ದಾರೆ ಅಂತ ನಾನು, ಅಲ್ಲ ಅದು ಅರಿಶಿನ ಅಂತ ಅಕ್ಕ, ಇಬ್ಬರೂ ಜುಟ್ಟು ಹಿಡಿದು ಜಗಳವಾಡಿದ್ದೆವು.

ವರ್ಷ ಮುಗಿದರೂ ಅಮ್ಮ ಆ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಲಿಲ್ಲ. ದಸರೆಯ ಒಂಬತ್ತು ದಿನದಲ್ಲಿ ಆ ನಾಲ್ಕೂ ಹಾಳೆಗಳನ್ನು ನಮ್ಮ ನಡುಮನೆಯಲ್ಲಿ ಮಾಡಿ ತೋರಿಸುತ್ತಿದ್ದಳು. ಅಮಾವಾಸ್ಯೆಗೆ ಮೊದಲೇ ರಾಗಿ ಚೆಲ್ಲಿದರೆ ಹಬ್ಬದ ಹೊತ್ತಿಗೆ ಗುಡ್ಡ ಹಸಿರು. ಪೈರು ಎದ್ದು ಬಾಗಿದ ಮೇಲೆ ಅದರ ಮೇಲೆ ಅರಿಶಿನ ಕುಂಕುಮ ಉದುರಿಸಿದರೆ ಎಲೆ ಹಣ್ಣಾಗುವ ಕಾಲ. ಆಮೇಲೆ ಹತ್ತಿ ಹಿಂಜಿ ಹರಡಿದರೆ ಹಿಮ. ಕೊನೆಗೆ ಹತ್ತಿ ತೆಗೆದು ನೀರು ಚಿಮುಕಿಸಿ, ಕನ್ನಡಿಯನ್ನು ಸೀರೆಯ ಸೆರಗಿನಿಂದ ಫಳಫಳ ಒರೆಸಿದರೆ ಮತ್ತೆ ಬಿಸಿಲು. ಓಣಿಯವರು ಬೊಂಬೆ ನೋಡಲು ಎದುರು ಮನೆಗೆ, ಕೆರೆ ನೋಡಲು ನಮ್ಮ ಮನೆಗೆ ಬರುತ್ತಿದ್ದರು.

ಅಮ್ಮ ಅಕ್ಕನ ಮನೆಯಲ್ಲಿ ಇರತೊಡಗಿದಾಗ ಬೊಂಬೆಗಳೂ ಕನ್ನಡಿಯೂ ಅವಳ ಹಿಂದೆಯೇ ಹೋದವು. ನಿನಗೇನಾದರೂ ಬೇಕಾ ಅಂತ ನನ್ನನ್ನು ಒಬ್ಬರೂ ಕೇಳಲಿಲ್ಲ. ನಾನು ಕೆಜಿಎಫ್‌ನಲ್ಲಿ, ನನ್ನ ಗಂಡನ ಫ್ಯಾಕ್ಟರಿಯ ಕ್ವಾರ್ಟರ್ಸ್‌ನಲ್ಲಿ ಇದ್ದೆ. ದೂರವೇನಲ್ಲ, ಮಾರಿಕುಪ್ಪಂ ರೈಲು ಹತ್ತಿದರೆ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಬಂಗಾರಪೇಟೆ ಸೇರಬಹುದು. ಆದರೂ ಪ್ರತಿ ದಸರಾ ನಾನೇ ಅಲ್ಲಿಗೆ ಹೋಗಬೇಕು. ಹೋಗಿ, ಬಂದವರೆಲ್ಲ ಅಕ್ಕನಿಗೆ “ಏನಮ್ಮಾ ನಿನ್ ಕೈ! ಈ ಸಲ ಇನ್ನೂ ಚೆನ್ನಾಗೈತೆ” ಅನ್ನುವುದನ್ನು ಕೇಳಬೇಕು. ಅಮ್ಮ ಪಕ್ಕದಲ್ಲೇ ಕುರ್ಚಿಯಲ್ಲಿ ಕೂತು ನಗುತ್ತಿರುತ್ತಿದ್ದಳು. ಆ ನಗು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಅಡುಗೆಗಾಗಲಿ, ನನ್ನ ಹೊಲಿಗೆಗಾಗಲಿ ಅಮ್ಮ ಒಂದು ದಿನವೂ ಚೆನ್ನಾಗಿದೆ ಅಂದವಳಲ್ಲ. ಅಕ್ಕನಿಗೆ ದಿನಕ್ಕೆ ಹತ್ತು ಸಲ ಅನ್ನುತ್ತಿರಬೇಕು ಅಂದುಕೊಳ್ಳುತ್ತಿದ್ದೆ. ಹಬ್ಬ ಮುಗಿದರೂ ಬಿಡುಗಡೆಯಿಲ್ಲ. ಅಕ್ಕ ಕೆರೆಯ ವಿಡಿಯೋ ಮಾಡಿ ಮನೆಯವರ ಗ್ರೂಪಿಗೆ ಹಾಕುತ್ತಿದ್ದಳು, ನಾನು ಕೈಮುಗಿಯುವ ಚಿಹ್ನೆ ಒತ್ತಿ ಫೋನು ಬೋರಲು ಹಾಕುತ್ತಿದ್ದೆ.

ಹೋದ ದಸರಾದಲ್ಲಿ ತಡೆಯಲಾಗಲಿಲ್ಲ. ನಮ್ಮ ಮನೆಯಲ್ಲೂ ಕೆರೆ ಮಾಡುತ್ತೇನೆ, ಅಮ್ಮ ಬಂದು ನೋಡಬೇಕು, ನೋಡಿ ಒಂದು ಮಾತು ಹೇಳಬೇಕು ಅಂತ ಹಟ ಹಿಡಿದೆ.

“ಕೆರೆ ಮೇಲೂ ಹೊಟ್ಟೆಕಿಚ್ಚೇನೇ?” ಅಂದರು ಗಂಡ.

“ಹೌದು. ಬಚ್ಚಲುಮನೆ ಕನ್ನಡಿ ಬಿಚ್ಚಿ ಕೊಡಿ,” ಅಂದೆ.

ಬಿಚ್ಚಿ ಕೊಟ್ಟರು. ಆ ಹಬ್ಬವಿಡೀ ಅವರು ಅಂದಾಜಿನ ಮೇಲೆ ಗಡ್ಡ ಹೆರೆದುಕೊಂಡರು.

ಅಕ್ಕನಿಗೆ ಫೋನು ಮಾಡಿ ಅಮ್ಮನನ್ನು ಕಳಿಸು ಅಂದರೆ, “ಅಮ್ಮಂಗೆ ಸೊಂಟ ನೋವು ಕಣೇ, ರೈಲು ಹತ್ತೋದು ಇಳಿಯೋದು ಬ್ಯಾಡ, ನೀನೇ ಬಾ,” ಅಂತ ರಾಗ ತೆಗೆದಳು. ಹಿಂದಿನಿಂದ ಅಮ್ಮನ ದನಿ ಕೇಳಿತು. “ನಾನ್ ಬತ್ತೀನಿ ಅಂತ ಯೋಳು.” ಸಪ್ತಮಿಯ ದಿನ ಬರುವುದೆಂದಾಯಿತು.

ಇಟ್ಟಿಗೆ ಚೂರು ಪೇರಿಸಿ, ಗೋಣಿತಾಟನ್ನು ಕೆಸರಿನಲ್ಲಿ ಅದ್ದಿ ಹೊದಿಸಿ ಗುಡ್ಡ ಮಾಡಿದೆ. ರಾಗಿ ಚೆನ್ನಾಗಿಯೇ ಮೊಳೆಯಿತು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಅಕ್ಕನ ಹಿಮ ಹತ್ತಿಯದು, ನನ್ನದು ಅದಕ್ಕಿಂತ ಮೇಲಿರಬೇಕಲ್ಲ! ನಮ್ಮೂರಲ್ಲಿ ಬಿಳಿ ಪುಡಿಗೆ ಬರವೇ? ಗಣಿಯಿಂದ ಚಿನ್ನ ತೆಗೆದು ಮಿಕ್ಕ ಹಿಟ್ಟಿನಂಥ ಮಣ್ಣು ಸೈನೈಡ್ ಗುಡ್ಡಗಳಾಗಿ ಊರ ತುಂಬ ಕೂತಿದೆ. ಗಾಳಿ ಬೀಸಿದರೆ ಕಿಟಕಿಯಲ್ಲಿ, ಮಳೆ ಬಂದರೆ ಮೋರಿಯ ಪಕ್ಕದಲ್ಲಿ. ದಿನಾ ಅದನ್ನು ಶಪಿಸುತ್ತ ಗುಡಿಸುವ ನಾನೇ ಮೋರಿಯ ಪಕ್ಕದಿಂದ ಒಂದು ಮೊರದಷ್ಟು ತಂದು, ಜರಡಿ ಹಿಡಿದು ಗುಡ್ಡದ ನೆತ್ತಿಗೆ ಉದುರಿಸಿದೆ. ಎಷ್ಟು ಚೆಂದ ಕಂಡಿತೆಂದರೆ ಇನ್ನೊಂದು ಮೊರ ತಂದೆ.

ಬೆಳಿಗ್ಗೆ ಸಂಜೆ ಪೈರಿಗೆ ನೀರು ಚಿಮುಕಿಸುತ್ತಿದ್ದೆನಲ್ಲ, ಆ ಪುಡಿ ಕರಗಿ ಬೇರಿಗಿಳಿಯಿತು. ಪೈರಿನ ತುದಿ ಸುಟ್ಟ ಹಾಗಾಯಿತು, ಆಮೇಲೆ ಬುಡವೂ. ಅಮ್ಮ ಬರುವ ಹಿಂದಿನ ದಿನ ನೋಡಿದರೆ ಕಾಡೆಲ್ಲ ಮಲಗಿದೆ, ನಿಂತಿರುವುದು ಬೋಳು ಬಿಳಿ ಗುಡ್ಡ. ಪಕ್ಕದ ಮನೆಯ ಅಜ್ಜಿ, ಗಣಿ ಕೂಲಿಗಳ ಲೈನ್ ಮನೆಯಲ್ಲೇ ಹುಟ್ಟಿ ಬೆಳೆದ ತಮಿಳು ಹೆಂಗಸು, ಬಾಗಿಲಲ್ಲೇ ನಿಂತು ಬಾಯಿ ಮೇಲೆ ಕೈಯಿಟ್ಟುಕೊಂಡರು. “ಐಯೋ, ಅದ್ರಲ್ಲಿ ಮುಳ್ಳು ಗಿಡ ಬರೋದೇ ಕಷ್ಟ, ರಾಗಿ ಎಲ್ಲಿ ಬರತ್ತಮ್ಮಾ? ಕೈ ತೊಳ್ಕೋ ಮೊದ್ಲು.” ನಾನು ಕೈ ತೊಳೆದುಕೊಂಡು ಬಂದು, ಕನ್ನಡಿಯೇ ಚಿಕ್ಕದಾಯಿತು, ಅದಕ್ಕೇ ಕಳೆಯಿಲ್ಲ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅಮ್ಮ ಬಂದಳು. ಕೈಚೀಲ ಕೆಳಗಿಡದೆ ಕೆರೆಯ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ನಾನು ಆ ಒಂದು ಮಾತಿಗೆ ಕಾಯುತ್ತಿದ್ದೆ.

“ಏನೇ ಇದು, ಬೂದಿ ಚೆಲ್ಲಿದಂಗೈತೆ,” ಅಂದಳು.

ನನಗೆ ಅಳು ಬಂತು, ಅದಕ್ಕಿಂತ ಮುಂಚೆ ಸಿಟ್ಟು ಬಂತು. “ಅಕ್ಕನ ಮನೇಲಿ ಚೆನ್ನಾಗಿರತ್ತೆ, ಅಲ್ಲೇ ಇರ್ಬೇಕಿತ್ತು ನೀನು!”

ಅಮ್ಮ ನೆಲದ ಮೇಲೆ ಕೂತಳು. ಕೈಚೀಲದಿಂದ ಒದ್ದೆ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದಳು. ಬೇರು, ಮಣ್ಣು ಸಮೇತ ಹಪ್ಪಳದಂತೆ ಎಬ್ಬಿಸಿ ತಂದ ರಾಗಿ ಪೈರು, ಹಚ್ಚ ಹಸಿರು.

“ಎಲ್ಲಿದು?”

“ಅವಳ ಕೆರೆ ಇಂದ್ಗಡೆಯಿಂದ ಎಬ್ಬಿಸ್ಕೊಂಡ್ ಬಂದೆ. ಬೊಂಬೆ ಮರೆ ಐತೆ, ಅವಳ್ಗೆ ಕಾಣಾಕಿಲ್ಲ.”

ಅಮ್ಮ ಸತ್ತ ಪೈರನ್ನು ಕಿತ್ತು ಹಾಕುತ್ತ, ನನ್ನ ಕಡೆ ನೋಡದೆ ಹೇಳಿದಳು. “ಕುರ್ಚಿ ಆಕಿ ಕೂರಿಸ್ತಾಳೆ. ಸೊಂಟ ನೋವು, ಬಗ್ಗಬ್ಯಾಡ ಅಂತಾಳೆ. ಒಂದ್ ಇಡಿ ಮಣ್ಣು ಕೈಗೆ ಕೊಡಾಕಿಲ್ಲ. ಬಂದೋರೆಲ್ಲ ಅವಳ್ನೇ ಒಗಳ್ತಾರೆ, ನಾನು ಅಲ್ಲು ಬಿಟ್ಕೊಂಡು ಕೂತಿರ್ಬೇಕು. ನನ್ ಕೆರೆ ಕಣೇ ಅದು.”

ಇಷ್ಟು ವರ್ಷ ನನ್ನನ್ನು ಉರಿಸಿದ ಆ ನಗುವಿನ ಒಳಗೆ ಇದ್ದದ್ದು ನನ್ನದೇ ಹೊಟ್ಟೆಕಿಚ್ಚು. ಅಮ್ಮನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಆದರೆ ಅಷ್ಟರಲ್ಲಿ ಅವಳು ನನ್ನ ಗುಡ್ಡಕ್ಕೆ ಕೈ ಹಾಕಿದ್ದಳು.

“ಈ ಬೂದಿ ತಗೀ, ಮೋರಿಗಾಕು.”

“ಅದೊಂದು ಮುಟ್ಟಬೇಡ,” ಅಂದೆ. “ಮಿಕ್ಕಿದ್ದೆಲ್ಲ ನಿಂದು, ಅದು ಇರ್ಲಿ.”

ಅಮ್ಮ ಗೊಣಗಿಕೊಂಡೇ ಬಿಟ್ಟಳು. ಪುಡಿ ಪೈರಿಗೆ ಇಳಿಯದ ಹಾಗೆ ಅದರ ಬುಡದಲ್ಲಿ ಹೆಂಚಿನ ಚೂರು ಅಡ್ಡ ಇಟ್ಟು, ಆಚೆ ಕಡೆ ಕಾಡು ನೆಟ್ಟಳು. ಅಕ್ಕನ ಕಾಡು ನನ್ನ ಮನೆಯ ಕನ್ನಡಿಯಲ್ಲಿ ತಲೆಕೆಳಗಾಗಿ ಕಾಣಿಸಿತು. ಅದನ್ನು ನೋಡಿ ನನಗಾದ ಸಂತೋಷವನ್ನು ನಾನೇಕೆ ಮುಚ್ಚಿಡಲಿ? ಸೆರಗಿನಿಂದ ಕನ್ನಡಿ ಒರೆಸುವಾಗ ಅಮ್ಮನಿಗೆ ಸೊಂಟದ ನೆನಪೇ ಇರಲಿಲ್ಲ.

ಸಂಜೆ ಕುಂಕುಮಕ್ಕೆ ಬಂದ ಅಜ್ಜಿ ಬಿಳಿ ಗುಡ್ಡದ ಮುಂದೆ ಕೂತುಬಿಟ್ಟರು. “ಇದು ನಮ್ಮ ಗುಡ್ಡ ಅಲ್ವಾ? ಮಳೆ ಬಂದ್ರೆ ಕೆಳಗೆ ಹಿಂಗೇ ನೀರು ನಿಲ್ತಿತ್ತು. ಚಿಕ್ಕೋರಿದ್ದಾಗ ಹತ್ತಿ ಜಾರ್ತಿದ್ವಿ, ಅಮ್ಮಾ ಹೊಡೀತಿದ್ಳು.” ಅವರು ಹೋಗಿ ಸಾಲುಮನೆಯವರನ್ನೆಲ್ಲ ಕರೆತಂದರು. ಎಲ್ಲರೂ ಕೆರೆ ನೋಡಿದರು, ಎಲ್ಲರೂ ಅಮ್ಮನನ್ನೇ ಹೊಗಳಿದರು. ಅಮ್ಮ ಮಹಾರಾಣಿಯ ಹಾಗೆ ನೆಲದ ಮೇಲೆ ಕೂತು ಕುಂಕುಮದ ಕಾಲ, ಹಿಮದ ಕಾಲ ಅಂತ ವಿವರಿಸುತ್ತಿದ್ದರೆ, ನಾನು ಕಡಲೆಕಾಳಿನ ಗುಗ್ಗರಿ ಹಂಚುತ್ತ ಓಡಾಡಿದೆ. ನನ್ನ ಮನೆಯಲ್ಲಿ, ನನ್ನ ಗಂಡ ಕನ್ನಡಿ ಬಿಟ್ಟುಕೊಟ್ಟು ಕೆನ್ನೆ ಕೊಯ್ದುಕೊಂಡ ಕೆರೆಯ ಮುಂದೆ, ನಾನು ಗುಗ್ಗರಿ ಹಂಚುವವಳು! ಹೊಟ್ಟೆಕಿಚ್ಚು ಎಲ್ಲಿಗೂ ಹೋಗಿರಲಿಲ್ಲ, ಬಂಗಾರಪೇಟೆಯಿಂದ ರೈಲು ಹತ್ತಿ ನಮ್ಮ ಮನೆಗೇ ಬಂದಿತ್ತು.

ಮಾರನೆಯ ದಿನ ಅಮ್ಮನೂ ಕೆರೆಯೂ ಇರುವ ವಿಡಿಯೋ ಗ್ರೂಪಿಗೆ ಹಾಕಿದೆ. ಕ್ಷಣದಲ್ಲಿ ಅಕ್ಕನ ಫೋನು. ಸ್ಪೀಕರಿಗೆ ಹಾಕಿದೆ.

“ಅಮ್ಮ ನೆಲದ್ ಮೇಲೆ ಕೂತವ್ಳಾ? ಇಲ್ಲಿ ಕೂತ್ಕಳಾಕಾಗಲ್ಲ ಅಂತಿದ್ಳು,” ಅಂದಳು. ದನಿಯಲ್ಲಿ ಹುಳಿ ಇತ್ತು, ನನಗೆ ಪರಿಚಯವಿದ್ದ ಹುಳಿ. ಆಮೇಲೆ ಕೇಳಿದಳು, “ಆ ಬೆಳ್ಳಗಿರೋ ಗುಡ್ಡ ಯಾರು ಮಾಡಿದ್ದು? ಅಮ್ಮನಾ?”

ನಾನು ಬಾಯಿ ತೆರೆಯುವ ಮುಂಚೆ ಅಮ್ಮ ಫೋನಿನ ಹತ್ತಿರ ಬಗ್ಗಿದಳು. “ನಂದಲ್ಲ. ಅದು ಇವಳ್ದು. ನಂಗೆ ಅಂಗೆ ಮಾಡಾಕೆ ಬರಾಕಿಲ್ಲ.”

ಚೆನ್ನಾಗಿದೆ ಅನ್ನಲಿಲ್ಲ. ಅಮ್ಮ ಅನ್ನುವವಳೂ ಅಲ್ಲ. ಆದರೂ ನಾನು ಅಡುಗೆಮನೆಗೆ ಹೋಗಿ, ಕೆಲಸವಿಲ್ಲದಿದ್ದರೂ ಒಲೆ ಒರೆಸಿ ಬಂದೆ. ಬಂದಾಗಲೂ ಅಕ್ಕ ಇನ್ನೂ ಫೋನಿನಲ್ಲೇ ಇದ್ದಳು.

“ಮುಂದಿನ್ ವರ್ಷಕ್ಕೆ ಆ ಮಣ್ಣು ಒಂದ್ ಚೀಲ ಕಳ್ಸೇ ನಂಗೂ,” ಅಂದಳು.

ಕಿಟಕಿಯಾಚೆ ಆ ಮಣ್ಣು ಗುಡ್ಡಗುಡ್ಡವಾಗಿ ಬಿದ್ದಿತ್ತು. ಯಾರಿಗೂ ಬೇಡದ್ದು, ನಾನು ದಿನಾ ಶಪಿಸಿ ಗುಡಿಸುವುದು.

“ಕೊಡಲ್ಲ,” ಅಂದೆ.