ಎಲ್ಲರಿಗಿಂತ ಮೊದಲು ಹೊರಡುವುದು

ಬೆಂಗಳೂರಿನಲ್ಲಿ ನನಗೆ ಕೆಲಸ ಕಲಿಸಿದ ಬಾಸ್ ಒಬ್ಬರಿದ್ದರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಮನಸ್ಸು ಒಳ್ಳೆಯದು. "ನೋಡಮ್ಮ, ಲೀಡರ್ ಆದೋಳು ಎಲ್ರಿಗಿಂತ ಮೊದ್ಲು ಬರ್ಬೇಕು, ಎಲ್ರಿಗಿಂತ ಕೊನೇಲಿ ಹೋಗ್ಬೇಕು. ಆಮೇಲೆ ಟೀಮ್ ತಾನಾಗೇ ನಿನ್ ಜೊತೆ ನಿಲ್ಲುತ್ತೆ" ಅಂದಿದ್ದರು. ಅಲ್ಲಿ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಸಂಜೆ ಆಫೀಸಿನ ಕ್ಯಾಬ್ ಹೊರಡುವ ಹೊತ್ತಿಗೆ ನನ್ನ ಟೀಮಿನ ಹುಡುಗಿಯರು "ಬರ್ತೀವಿ ಮೇಡಂ, ಕ್ಯಾಬ್ ಹೊರಟ್ಬಿಡುತ್ತೆ" ಎಂದು ಕೂಗುತ್ತಾ ಮೆಟ್ಟಿಲಿಳಿದು ಓಡುತ್ತಿದ್ದರು. ಕ್ಯಾಬ್ ಡ್ರೈವರ್ ಯಾವ ಮ್ಯಾನೇಜರಿಗೂ ಕಾಯುವವನಲ್ಲ.

ಆ ಮಾತನ್ನೇ ಗಂಟು ಕಟ್ಟಿಕೊಂಡು ಟೋಕಿಯೋಗೆ ಬಂದೆ. ಇಲ್ಲಿನ ಮಿನಾಟೋ ಪ್ರದೇಶದ ಒಂದು ಆಫೀಸಿನಲ್ಲಿ ನನ್ನನ್ನು ಸಣ್ಣದೊಂದು ವಿಭಾಗಕ್ಕೆ ಮುಖ್ಯಸ್ಥೆಯಾಗಿ ತಂದು ಕೂರಿಸಿದರು. ಮುಖ್ಯಸ್ಥರನ್ನು ಇಲ್ಲಿ ಕಾಚೋ ಅನ್ನುತ್ತಾರೆ. ಬೆಳಗ್ಗೆಯಿಂದ ಸಂಜೆಯವರೆಗೆ ನಾನು ಕಾಚೋ. ನನ್ನ ಹೆಸರು ಹಿಡಿದು ಕರೆಯುವವನು ಗಂಡ ಒಬ್ಬನೇ, ಅದೂ ಫೋನಿನಲ್ಲಿ. ಅವನು ಕ್ಯೋಟೋದ ವಿಶ್ವವಿದ್ಯಾಲಯದಲ್ಲಿ ಸಂಶೋಧಕ. ತಿಂಗಳಿಗೊಮ್ಮೆ ಬಂದರೆ ನನ್ನ ಪುಣ್ಯ. ಬಂದರೂ ಅರ್ಧ ದಿನ ನಿದ್ದೆ ಮಾಡುತ್ತಾನೆ.

ಹಾಗಾಗಿ ಮನೆಗೆ ಹೋಗಲು ನನಗೆ ಅವಸರವೇ ಇರಲಿಲ್ಲ. ಬೀಗ ತೆಗೆದು, ಕತ್ತಲಲ್ಲಿ ಸ್ವಿಚ್ಚು ಹುಡುಕಿ, ಒಬ್ಬಳಿಗೇ ಅನ್ನಕ್ಕಿಡುವುದೆಂದರೆ ನನಗೆ ಆಗದು. ಆಫೀಸಿನಲ್ಲಾದರೆ ಸುತ್ತ ಜನ. ಕೆಲಸ ಮುಗಿಯುವ ಹೊತ್ತು ಕಳೆದರೂ ನನ್ನ ಟೀಮಿನವರು ಒಬ್ಬರೂ ಏಳುತ್ತಿರಲಿಲ್ಲ. ಎಂಥ ನಿಷ್ಠೆ ಇವರದು ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಅವರೆಲ್ಲ ಹೋದ ಮೇಲೆ ಏಳೋಣ ಅಂತ ನಾನು ಕೂತೇ ಇರುವುದು, ಅವರೂ ಕೂತೇ ಇರುವುದು. ಕೊನೆಗೆ ಹಸಿವು ತಾಳದೆ ನಾನೇ ಎದ್ದರೆ, ಅರೆ, ಎಲ್ಲರೂ ಒಟ್ಟಿಗೇ ಎದ್ದು ಬ್ಯಾಗು ಹೆಗಲಿಗೇರಿಸುತ್ತಿದ್ದರು. ಒಂದೇ ಲಿಫ್ಟಿನಲ್ಲಿ ಇಳಿದು ಸ್ಟೇಷನ್ನಿನವರೆಗೆ ಜೊತೆಯಾಗಿ ನಡೆಯುತ್ತಿದ್ದೆವು. ಮಾತು ಹೆಚ್ಚಿಲ್ಲ, ಚಳಿ, ಮಳೆ, ನಾಳೆಯ ಮೀಟಿಂಗು, ಅಷ್ಟೇ. ಆದರೂ ಇಡೀ ದಿನದಲ್ಲಿ ನಾನು ಕಾಯುತ್ತಿದ್ದುದು ಆ ನಡಿಗೆಗೆ. ಬಾಸ್ ಹೇಳಿದ್ದು ನಿಜವಾಯಿತು, ಟೀಮ್ ನನ್ನ ಜೊತೆ ನಿಂತಿದೆ ಅಂದುಕೊಂಡೆ.

ಸಂತೋಷ ತಡೆಯದೆ ಒಂದು ಭಾನುವಾರ ಚಕ್ಕುಲಿ ಕರಿದು ಡಬ್ಬಿ ತುಂಬಿಸಿಟ್ಟೆ. ಸೋಮವಾರ ಸಂಜೆ ಎಲ್ಲರ ಮೇಜಿಗೂ ಹಂಚಿದೆ. ಎದ್ದು ನಿಂತು, ಬಗ್ಗಿ, ಎರಡೂ ಕೈಯಲ್ಲಿ ತೆಗೆದುಕೊಂಡರು. ಆಫೀಸಿನ ಆ ನಿಶ್ಶಬ್ದದಲ್ಲಿ ಕಟುಮ್ ಅಂತ ಸದ್ದು ಮಾಡಬಾರದಲ್ಲ, ಬಾಯಲ್ಲಿಟ್ಟುಕೊಂಡು ಮೆತ್ತಗಾಗುವವರೆಗೆ ಕಾದು ನುಂಗಿದರು. ಚಕ್ಕುಲಿಯನ್ನು ಸದ್ದಿಲ್ಲದೆ ತಿಂದವರನ್ನು ನಾನು ಜನ್ಮದಲ್ಲೇ ಕಂಡಿರಲಿಲ್ಲ. ಅದಾದ ಮೇಲೆ ದಿನಾ ಸಂಜೆ ಏನಾದರೂ ಹಂಚತೊಡಗಿದೆ. ಮನೆಗೆ ಹೊರಟ ನೆಂಟರನ್ನು ಬಾಗಿಲಲ್ಲಿ ತಡೆದು ಇನ್ನೊಂದು ಲೋಟ ಕಾಫಿ ಕೊಡುವ ಜಾತಿ ನಮ್ಮದು.

ನನ್ನ ಎದುರಿನ ಮೇಜಿನಲ್ಲಿ ಕೂರುವವಳಿಗೆ ಪುಟ್ಟ ಮಗಳಿದ್ದಳು. ಮಗುವನ್ನು ಶಿಶುವಿಹಾರದಿಂದ ದಿನಾ ಅತ್ತೆ ಕರೆತರುತ್ತಿದ್ದರಂತೆ. ಒಂದು ಸಂಜೆ ಅವಳ ಫೋನು ಒಂದೇ ಸಮನೆ ನಡುಗಿತು. ಕಾರಿಡಾರಿಗೆ ಓಡಿ, ಗೋಡೆಯ ಕಡೆ ತಿರುಗಿ, ಕಾಣದ ಯಾರಿಗೋ ಬಗ್ಗಿ ಬಗ್ಗಿ "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತಿದ್ದಳು. ಆಮೇಲೆ ನನ್ನ ಮೇಜಿನ ಮುಂದೆ ಬಂದು ಇನ್ನೂ ಕೆಳಗೆ ಬಗ್ಗಿದಳು. ಅತ್ತೆಗೆ ಜ್ವರ, ಶಿಶುವಿಹಾರ ಮುಚ್ಚುವ ಹೊತ್ತು, ದಯವಿಟ್ಟು ಇವತ್ತೊಂದು ದಿನ ಹೋಗಲು ಬಿಡಬೇಕು ಅಂದಳು. ಕಣ್ಣಲ್ಲಿ ನೀರಿತ್ತು. ಕೆಲಸದ ಹೊತ್ತು ಮುಗಿದು ಎಷ್ಟೋ ಆಗಿತ್ತು. ಹೋಗಿ, ಬೇಗ ಹೋಗಿ ಎಂದೆ. ಒಳಗೆ ಮಾತ್ರ ರೇಗಿತು.

ಮನೆಗೆ ಬಂದವಳೇ ಗಂಡನಿಗೆ ಫೋನು ಹಚ್ಚಿದೆ. "ಸ್ವಂತ ಮಗೂನ ಕರ್ಕೊಂಬರೋಕೂ ನನ್ ಪರ್ಮಿಷನ್ ಕೇಳ್ತಾಳೆ ಕಣೋ. ನಾನೇನ್ ರಾಕ್ಷಸೀನಾ?"

"ನೀನು ಎಷ್ಟೊತ್ತಿಗೆ ಸೀಟ್ ಬಿಟ್ಟು ಏಳ್ತೀಯ?" ಅಂದ.

"ಎಲ್ರಿಗಿಂತ ಕೊನೇಲಿ ಏಳೋಣ ಅಂತಾನೇ ಕೂತಿರ್ತೀನಿ. ಅವ್ರು ಏಳೋದೇ ಇಲ್ವಲ್ಲ."

"ನಮ್ ಲ್ಯಾಬಲ್ಲಿ ಪ್ರೊಫೆಸರ್ ಎದ್ದು ಹೋಗೋವರೆಗೂ ಒಂದು ನರಪಿಳ್ಳೆನೂ ಏಳಲ್ಲ ಕಣೇ. ಅವ್ರು ಹೋದ ಐದ್ ನಿಮಿಷಕ್ಕೆ ಎಲ್ಲಾ ಖಾಲಿ. ನಿನ್ ಟೀಮ್ನೋರು ನಿನ್ ಜೊತೆ ಇಲ್ಲ ಮಾರಾಯ್ತಿ, ನಿನ್ನ ಕಾಯ್ತಾ ಇದಾರೆ. ನೀನು ಯಾವಾಗ ತೊಲಗ್ತೀಯೋ ಅಂತ."

ಸಿಟ್ಟು ಬಂದು ಫೋನು ಇಟ್ಟುಬಿಟ್ಟೆ. ಅವನು ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ನನಗೆ ಜೊತೆ ಅನ್ನಿಸಿದ್ದು ಅವರಿಗೆ ಸೆರೆಯಾಗಿತ್ತು. ಬಿಡಿಸಿಕೊಂಡು ಹೋಗಲಿಕ್ಕೂ ಆಗದ ಹಾಗೆ ಮೇಲಿಂದ ಚಕ್ಕುಲಿ ಬೇರೆ. ಕಂಪನಿಯವರು ನನಗೆ ನಾಯಕತ್ವದ ತರಬೇತಿ ಕೊಡಿಸಿದ್ದರು. ಗುರಿ ಇಡುವುದು, ಕೇಳಿಸಿಕೊಳ್ಳುವುದು, ಧೈರ್ಯ ತುಂಬುವುದು, ಎಲ್ಲ ಹೇಳಿಕೊಟ್ಟರು. ಎದ್ದು ಹೋಗುವುದನ್ನು ಯಾರೂ ಹೇಳಿಕೊಡಲಿಲ್ಲ. ಅದು ಇಷ್ಟು ಕಷ್ಟ ಅಂತಲೂ ಹೇಳಲಿಲ್ಲ. ಎದ್ದರೆ ಆ ನಡಿಗೆ ಹೋಯಿತು. ಅದೊಂದೇ ನನಗಿದ್ದದ್ದು.

ಮರುದಿನ ಕೆಲಸದ ಹೊತ್ತು ಮುಗಿಯುತ್ತಲೇ ಎದ್ದು ಕೋಟು ಹಾಕಿಕೊಂಡೆ. ಇಲ್ಲಿ ಮುಂಚೆ ಹೊರಡುವವರು ಉಳಿದವರ ಕ್ಷಮೆ ಕೇಳಿ ಹೊರಡುವುದು ರೂಢಿ. "ಒಸಾಕಿ ನಿ" ಅಂದೆ, ನಿಮಗಿಂತ ಮೊದಲು ಹೊರಟೆ ಅಂತ. ಎಲ್ಲರೂ ತಲೆಯೆತ್ತಿದರು. ಎದುರಿನ ಮೇಜಿನವಳು ಗಡಿಯಾರ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಗಡಿಯಾರ ನೋಡಿದಳು. ಲಿಫ್ಟಿಗೆ ಕಾಯುತ್ತಿದ್ದಾಗ ಬಾಗಿಲಿನಾಚೆ ಯಾರೋ ನಕ್ಕರು. ಅಷ್ಟು ದಿನದಲ್ಲಿ ನನ್ನ ಟೀಮಿನ ನಗು ಕೇಳಿದ್ದು ಅದೇ ಮೊದಲು.

ಸೀದಾ ಮನೆಗೆ ಹೋಗಲು ಕಾಲು ಬರಲಿಲ್ಲ. ರಸ್ತೆಯಾಚೆ ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಗೆ ಹೋಗಿ, ಕಾಫಿ ಹಿಡಿದು ಕಿಟಕಿಯ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಅವರೆಲ್ಲ ಹೊರಗೆ ಬಂದರು. ನಮ್ಮ ಮಹಡಿಯಲ್ಲಿ ದೀಪ ಆರಿತು. ಎದುರಿನ ಮೇಜಿನವಳು ಎಲ್ಲರಿಗೂ ಕೈಬೀಸಿ, ಚೀಲವನ್ನು ಎದೆಗವುಚಿಕೊಂಡು ಸ್ಟೇಷನ್ನಿನ ಕಡೆ ಓಡಿದಳು, ಬೆಂಗಳೂರಿನ ಹುಡುಗಿಯರು ಕ್ಯಾಬ್ ಹಿಡಿಯಲು ಓಡುತ್ತಿದ್ದ ಹಾಗೇ. ಉಳಿದವರು ಗುಂಪಾಗಿ ಮಾತಾಡುತ್ತಾ ನಡೆದರು. ನಾನು ಮುಖ ತಿರುಗಿಸಿ ಕೂತೆ.

ಮನೆ ಸೇರಿ ಸ್ವಿಚ್ಚು ಹುಡುಕುತ್ತಿದ್ದಾಗ ಗಂಡನ ಫೋನು ಬಂತು. ಮನೆಯಲ್ಲಿದ್ದೇನೆ ಅಂದೆ. "ಏನೇ ಇದು, ಇಷ್ಟು ಬೇಗ ಮನೇಲಿದೀಯ?"

"ನಾನು ಬಂದ್ರೇನೇ ಅವ್ರೆಲ್ಲ ಮನೆಗೆ ಹೋಗೋದು ಕಣೋ" ಅಂದೆ. "ಸ್ವಲ್ಪ ಹೊತ್ತು ಫೋನ್ ಇಡ್ಬೇಡ."