ಮೌಸಿನ ಮೇಲಿನ ಭಂಡಾರ

ಮಾವನವರ ಬಲಗೈಯ ತೋರುಬೆರಳು ಸದಾ ಹಳದಿ. ಮುಂಜಾನೆ ಮನೆದೇವರು ಬೀರೋಬನಿಗೆ ಭಂಡಾರದ ಅರಿಶಿನಪುಡಿ ಹಚ್ಚಿದ ಕೈಯಲ್ಲೇ ಬಂದು ನನ್ನ ಗಂಡನ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದರು. ಹಾಗಾಗಿ ಮೌಸಿನ ಎಡಗಿವಿಯೂ ಹಳದಿ.

ಅತ್ತೆ ತೀರಿಕೊಂಡ ಮೇಲೆ, ಆಕೆಯ ಒಂದೇ ಒಂದು ವಿಡಿಯೋ ಹಚ್ಚಿ ನೋಡುವುದು ಅವರ ಎರಡನೇ ಪೂಜೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತ ಅತ್ತೆ ಯಾರನ್ನೋ ಬಯ್ಯುವರು, ಮಾವ ದಿನಾ ಹೊಸದಾಗಿ ನಗುವರು. ಲ್ಯಾಪ್‌ಟಾಪನ್ನು ಪೂರ್ತಿ ಬಂದ್ ಮಾಡಲು ಮಾತ್ರ ಬಿಡುತ್ತಿರಲಿಲ್ಲ.

"ಆಕಿ ಒಳಗಿದ್ದಾಳ. ಬರೇ ಮುಚ್ಚಿಡು, ಆರಸಬ್ಯಾಡ."

ಆ ಮಾತು ಮೀರುವ ಧೈರ್ಯ ನನಗಿರಲಿಲ್ಲ.

ನಾನು ಸೊಲ್ಲಾಪುರದಲ್ಲಿ ಓದಿದವಳು. ಮದುವೆಯಾಗಿ ಕರಜಗಿಗೆ ಬಂದ ಮೇಲೆ ಒಲೆ, ಅಂಗಳ, ಕುರಿಹಟ್ಟಿ ಇಷ್ಟೇ ನನ್ನ ಲೋಕ. ಸೊಲ್ಲಾಪುರಕ್ಕೆ ಹೋಗುವ ಎಸ್‌ಟಿ ಬಸ್ಸಿನ ಸದ್ದು ಕೇಳಿದರೆ ಬಾಗಿಲಿಗೆ ಓಡಿ ಬರುತ್ತಿದ್ದೆ. ಸೊಲ್ಲಾಪುರದ ಕಚೇರಿಯೊಂದರ ಕೆಲಸಕ್ಕೆ ಮನೆಯಿಂದಲೇ ಲ್ಯಾಪ್‌ಟಾಪಿನಲ್ಲಿ ಬರೆಯುವ ಪರೀಕ್ಷೆಯಿತ್ತು. ಹೊರಬೀಳಲು ಅದೊಂದೇ ದಾರಿ. ಈ ಲ್ಯಾಪ್‌ಟಾಪೋ, ಕೆಸರಲ್ಲಿ ಸಿಕ್ಕ ಎತ್ತು. ಬೇಡದ ಫೋಟೋ ಅಳಿಸಿದೆ, ವೈರಸ್ ಹುಡುಕಿದೆ, ಏನೂ ಆಗಲಿಲ್ಲ.

ಪರೀಕ್ಷೆಯ ಮುಂಜಾನೆ 'ಮೆಮೊರಿ ಸಾಲದು' ಎಂಬ ಸೂಚನೆ ಬಂತು. ಪ್ರಶ್ನೆಪತ್ರಿಕೆ ತೆರೆಯಲೇ ಇಲ್ಲ. ಗಾಬರಿಯಲ್ಲಿ ಪರದೆಯ ಕೆಳಗಿದ್ದ ವಿಡಿಯೋದ ಗುರುತು ಒತ್ತಿದೆ. ಸಾಲುಸಾಲಾಗಿ ಅತ್ತೆ! ದಿನಾ ಹೊಸದಾಗಿ ತೆರೆದ ಅದೇ ವಿಡಿಯೋ. ಮಾವ ಒಂದನ್ನೂ ಮುಚ್ಚದೆ ಕೆಳಗಿಳಿಸಿ ಇಟ್ಟಿದ್ದರು.

"ಮಾವಾರ, ಇವನ್ಯಾಕ ಮುಚ್ಚಿಲ್ಲರಿ?"

"ಮುಚ್ಚಾಕ ಕಾಟು ಒತ್ತಬೇಕಲ್ಲವಾ. ಆಕಿ ಮಾರಿ ಮ್ಯಾಲ ನಾ ಹೆಂಗ ಕಾಟು ಹೊಡೀಲಿ?"

ಮೂಲೆಯ ಆ ಕೆಂಪು 'X' ಗುರುತು ಅವರ ಕಣ್ಣಿಗೆ ಮನುಷ್ಯರನ್ನೇ ಹೊಡೆದುಹಾಕುವ ಗೀಟು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ಅತ್ತಿ ಎಲ್ಲೂ ಹೋಗಂಗಿಲ್ಲರಿ. ವಿಡಿಯೋ ಒಳಗ ಹಂಗ ಇರ್ತದ. ಇವು ಮುಚ್ಚದಿದ್ರ ನಾನೂ ಇಲ್ಲೇ ಉಳೀತೀನಿ."

ಮಾವ ಹಣೆಯ ಭಂಡಾರ ಮುಟ್ಟಿಕೊಂಡು ಮೌಸ್ ಹಿಡಿದರು. ಒಂದೊಂದನ್ನೂ ತಾವೇ ಮುಚ್ಚಿದರು. ಒತ್ತುವಾಗ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೊನೆಯದಕ್ಕೆ ಬಂದಾಗ ಕೈ ನಿಂತಿತು.

"ಇದೊಂದು ಇರ್ಲಿ ಯವ್ವಾ. ನೀ ಬರಿ."

ಬರೆದೆ, ಪಾಸಾದೆ. ಈಗ ದಿನಾ ಸೊಲ್ಲಾಪುರದ ಬಸ್ಸು ಹತ್ತುತ್ತೇನೆ. ಆ ಋಣ ತೀರುವಂಥದ್ದಲ್ಲ.

ಹೋದ ವರ್ಷ ಮಾವನವರೂ ತೀರಿಕೊಂಡರು. ಮೆಮೊರಿ ಸಾಲದೆಂದು ಲ್ಯಾಪ್‌ಟಾಪ್ ಈಗಲೂ ಆಗಾಗ ಗೊಣಗುತ್ತದೆ. ಆಗ ನನ್ನವನ್ನೆಲ್ಲ ಮುಚ್ಚುತ್ತೇನೆ, ಆ ಒಂದನ್ನು ಬಿಟ್ಟು.