ಗುವಾಹಟಿಗೆ ನೇರ ದೂರ

೧೯೯೧ರಲ್ಲಿ, ಏಳನೇ ತರಗತಿಗೆ ನನ್ನ ಓದು ನಿಂತಿತು. ಆಮೇಲೆ ಕಲಿತದ್ದೆಲ್ಲ ಜೀಪಿನ ಸ್ಟೇರಿಂಗ್ ಹಿಡಿದೇ. ಬಾಳೂರಿನಿಂದ ಕಳಸವಿರಲಿ, ಮೂಡಿಗೆರೆಯಿರಲಿ, ಇಷ್ಟು ಹೊತ್ತಿಗೆ ತಲುಪುತ್ತೇನೆ ಎಂದರೆ ತಲುಪಿದವನೇ. ಅದಕ್ಕೇ ಹೋದ ಡಿಸೆಂಬರ್ ನೆನೆದರೆ ಈಗಲೂ ಮೈ ಉರಿಯುತ್ತದೆ.

ತಂಗಿಯ ಗಂಡ ಮಿಲಿಟರಿಯಿಂದ ನಿವೃತ್ತರಾಗಿ ಗುವಾಹಟಿಯಲ್ಲೇ ನೆಲೆಸಿದ್ದಾರೆ. ಅವರ ಮಗಳ ಮದುವೆಯೂ ಅಲ್ಲೇ. ನಮ್ಮಲ್ಲಿ ಹುಡುಗಿಯನ್ನು ಕೈಹಿಡಿದು ಧಾರೆ ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಅವಳಿಗೆ ಇರುವವನು ನಾನೊಬ್ಬನೇ.

"ಗೋಧೂಳಿ ಲಗ್ನ ಅಣ್ಣಾ. ನೀನು ಬರದಿದ್ರೆ ರೂಮಿಂದ ಹೊರಗೇ ಬರಲ್ಲ ಅಂತಿದ್ದಾಳೆ ಇವಳು" ಎಂದು ತಂಗಿ ಫೋನಿನಲ್ಲಿ ಹೇಳಿದ್ದಳು.

ಆಗ ಕಾಫಿ ಕೊಯ್ಲಿನ ಭರಾಟೆ. ದಿನಾ ಎರಡು ತೋಟಗಳಿಗೆ ಆಳುಗಳನ್ನು ಸಾಗಿಸಬೇಕು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಮೊಬೈಲಿನಲ್ಲಿ ಮಂಗಳೂರಿನಿಂದ ಗುವಾಹಟಿಗೆ ಒಂದು ಗೆರೆ ಎಳೆದು ತೋರಿಸಿದರು. ಎರಡು ಸಾವಿರದ ಮುನ್ನೂರು ಕಿಲೋಮೀಟರಿನ ಆಸುಪಾಸು. ವಿಮಾನ ಗಂಟೆಗೆ ಎಂಟುನೂರು ಹೋದರೆ ಮೂರು ಗಂಟೆ ಸಾಕು. ಮದುವೆ ದಿನವೇ ಬೆಳಿಗ್ಗೆ ಹೊರಡುತ್ತೇನೆ ಎಂದೆ.

"ಹಿಂದಿನ ದಿನ ಹೋಗು ಮಾರಾಯ. ವಿಮಾನ ಎಂತ ನಿನ್ನ ಜೀಪಾ?"

"ಘಾಟಿಯಲ್ಲಿ ಓಡಿಸೋನಿಗೆ ನೀವು ದೂರ ಹೇಳಿಕೊಡ್ತೀರಾ? ಆಕಾಶದಲ್ಲಿ ಎಂತ ಚಾರ್ಮಾಡಿ ತಿರುವು ಇದ್ಯಾ?"

ಇತ್ತು. ಟಿಕೆಟ್ ಮಾಡಿಸುವಾಗ ಗೊತ್ತಾಯಿತು, ನೇರ ವಿಮಾನವೇ ಇಲ್ಲ. ಈಶಾನ್ಯಕ್ಕೆ ಹೋಗುವವನು ಮೊದಲು ಮುಂಬೈಗೆ ಹೋಗಬೇಕು, ಅಲ್ಲಿ ಮೂರು ಗಂಟೆ ಕೂರಬೇಕು, ಆಮೇಲೆ ದೇಶದ ಉದ್ದಗಲ ಹಾರಬೇಕು. ಕಳಸಕ್ಕೆ ಹೋಗಲು ಮಂಗಳೂರಿಗೆ ಇಳಿದ ಹಾಗೆ! ಗುವಾಹಟಿ ಮುಟ್ಟುವುದು ನಾಲ್ಕೂಕಾಲಿಗೆ. ಆಗಲಾದರೂ ಹಿಂದಿನ ದಿನದ ಟಿಕೆಟ್ ಕೇಳಬಹುದಿತ್ತು. ರೈಟರ ಮುಂದೆ ಮಾತು ಬದಲಿಸಲು ಮನಸ್ಸಾಗಲಿಲ್ಲ. ಗೋಧೂಳಿ ಎಂದರೆ ಆರರ ಮೇಲೆ ತಾನೇ, ಬೇಕಾದಷ್ಟು ಹೊತ್ತಿದೆ ಎಂದುಕೊಂಡೆ.

ವಿಮಾನ ತಡವಾಗಲಿಲ್ಲ. ಅದನ್ನು ಬೈಯುವ ಹಾಗೂ ಇಲ್ಲ. ಬ್ಯಾಗು ಹಿಡಿದು ಹೊರಗೆ ಬಂದಾಗ ನಾಲ್ಕೂಮುಕ್ಕಾಲು. ಹೊತ್ತು ಮುಳುಗಿಬಿಟ್ಟಿತ್ತು.

ಅಷ್ಟರಲ್ಲಿ ತಂಗಿಯ ಫೋನು. "ಎಲ್ಲಿದ್ದೀಯ ಅಣ್ಣಾ? ಪುರೋಹಿತರು ಕಾಯಲ್ಲ ಅಂತಿದ್ದಾರೆ."

"ಇನ್ನೂ ಐದು ಗಂಟೆ ಆಗಿಲ್ವಲ್ಲೇ!"

"ಇಲ್ಲಿ ಸಂಜೆ ಆಗೋದೇ ಈಗ. ಕಾರ್ಡಲ್ಲಿ ಗಂಟೆ ಹಾಕಿತ್ತಲ್ಲ, ನೋಡಿಲ್ವಾ?"

ನೋಡಿರಲಿಲ್ಲ. ಅರಿಶಿನ ಹಚ್ಚಿದ ಕವರನ್ನು ದೇವರ ಫೋಟೋದ ಪಕ್ಕ ಇಟ್ಟಿದ್ದೆ, ಒಳಗಿನ ಕಾರ್ಡು ತೆಗೆದಿರಲಿಲ್ಲ. ತಂಗಿಯೇ ಹೇಳಿದ್ದಾಳಲ್ಲ, ಮತ್ತೇನು ಓದುವುದು? ಅಷ್ಟು ಪೂರ್ವಕ್ಕಿರುವ ಊರಿನಲ್ಲಿ ಸೂರ್ಯ ನಮಗಿಂತ ಒಂದೂವರೆ ಗಂಟೆ ಮೊದಲೇ ಮುಳುಗುತ್ತಾನೆ ಎನ್ನುವುದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

ಟ್ಯಾಕ್ಸಿಯವನಿಗೆ ದಾರಿಯುದ್ದಕ್ಕೂ ಕನ್ನಡದಲ್ಲೇ ಅವಸರ ಮಾಡಿದೆ. ಪಾಪ, ಅವನು ನಗುತ್ತಾ ಟ್ರಾಫಿಕ್ಕಿನಲ್ಲಿ ನಿಂತೇ ಇದ್ದ. ಛತ್ರಕ್ಕೆ ಹೋದಾಗ ಧಾರೆ ಮುಗಿದಿತ್ತು. ಹುಡುಗಿಯನ್ನು ಕರೆತಂದವರು ಭಾವನ ಜೊತೆ ಕೆಲಸ ಮಾಡಿದ್ದ ಹವಾಲ್ದಾರರಂತೆ. ಅವರೇ ಬಂದು ನನ್ನ ಕೈ ಹಿಡಿದು ಹಿಂದಿಯಲ್ಲಿ ಏನೋ ಹೇಳಿದರು. ಅವರ ಮೇಲೆ ಸಿಟ್ಟು ಮಾಡುವುದಕ್ಕೂ ದಾರಿಯಿರಲಿಲ್ಲ. ಅಕ್ಷತೆ ಹಾಕಿದೆ.

"ಕೊನೇ ತನಕ ಬಾಗಿಲನ್ನೇ ನೋಡ್ತಿದ್ದೆ ಮಾವ" ಎಂದಳು ಹುಡುಗಿ.

ವಾಪಸು ಬಂದ ಮೇಲೆ ರೈಟರು ಮದುವೆ ಹೇಗಾಯ್ತೆಂದು ಕೇಳಿದರು. ಚೆನ್ನಾಗಾಯ್ತು ಎಂದು ಜೀಪು ಸ್ಟಾರ್ಟ್ ಮಾಡಿದೆ.

ಈಗ ನನಗಿರುವುದು ಎರಡು ಜೀಪು, ಒಂದೂವರೆ ಎಕರೆ ಕಾಫಿ, ಒಂದು ಮನೆ, ಒಬ್ಬಳು ತಂಗಿ. ಅವಳಿಗೆ ಒಬ್ಬಳೇ ಮಗಳು, ಮದುವೆ ಆಗಿಹೋಗಿದೆ.